ಬಿದ್ದಿಲ್ಲವೆಂದು ಮಾರಿದ ಹೆಲ್ಮೆಟ್ಟು

ಕೊಚ್ಚಿಯ ಪಾಲಾರಿವಟ್ಟಂನ ಬ್ಯಾಂಕಿನಲ್ಲಿ ಹಗಲೆಲ್ಲ ಸಾಲದ ಅರ್ಜಿಗಳಲ್ಲಿ ತಪ್ಪು ಹುಡುಕುವ ರಾಮದಾಸರಿಗೆ ಮನೆಗೆ ಬಂದ ಮೇಲೂ ಅದೇ ಕೆಲಸ. ಅರ್ಜಿಯ ಬದಲು ರೇಸ್ ಬೈಕಿನ ಹಳೇ ಸಾಮಾನು, ಅಷ್ಟೆ. ಸೈಲೆನ್ಸರ್, ಜಾಕೆಟ್ಟು, ಹೆಲ್ಮೆಟ್ಟು, ಏನಿದ್ದರೂ ರೇಸು ಬಿಟ್ಟವರಿಂದ ಕೊಂಡು ಆನ್‌ಲೈನ್ ಗುಂಪೊಂದರಲ್ಲಿ ಮಾರುತ್ತಿದ್ದರು. ಕಾಸರಗೋಡಿನ ಈ ಮನುಷ್ಯ ಸ್ವತಃ ಸ್ಕೂಟರನ್ನು ಮೂವತ್ತೈದರ ವೇಗದ ಮೇಲೆ ಓಡಿಸಿದವರಲ್ಲ. "ರೇಸು ಯಾರದ್ದೋ, ಗುಜರಿ ಮಾತ್ರ ನಮ್ಮದು" ಎಂದು ಹೆಂಡತಿ ಶಾಂತಾ ಮಂಚದ ಕೆಳಗೆ ಗುಡಿಸುವಾಗಲೆಲ್ಲ ಗೊಣಗುತ್ತಿದ್ದಳು.

ಆದರೆ ಗುಂಪಿನಲ್ಲಿ ಅವರ ಮಾತಿಗೆ ತೂಕವಿತ್ತು. ಪ್ರತಿ ಫೋಟೋದ ಕೆಳಗೆ ಹೊಗಳಿಕೆಗಿಂತ ಮೊದಲು ಆ ಸಾಮಾನು ಬಿದ್ದ ಕತೆ ಬರೆಯುತ್ತಿದ್ದರು: ಎಲ್ಲಿ ಬಿತ್ತು, ಯಾವ ಮಗ್ಗುಲು, ಎಷ್ಟು ತರಚಿತು. ಪೆಟ್ಟು ತಿಂದ ಹೆಲ್ಮೆಟ್ಟನ್ನಂತೂ ಮಾರುತ್ತಲೇ ಇರಲಿಲ್ಲ. ಒಳಗಿನ ಥರ್ಮಾಕೋಲ್ ಒಂದೇ ಪೆಟ್ಟಿಗೆ ಕುಸಿದು ಕೂರುತ್ತದೆ, ಎರಡನೆಯದನ್ನು ತಲೆಯೇ ತಿನ್ನಬೇಕು. ಅಂಥದ್ದನ್ನು ಗರಗಸದಿಂದ ಎರಡು ಹೋಳು ಮಾಡಿ, ಆ ಹೋಳುಗಳ ಫೋಟೋ ಹಾಕುವುದು ಅವರ ಪದ್ಧತಿ.

ವಿನಯ್ ಎಂಬ ರೇಸುಗಾರ ಮದುವೆಯಾಗಿ ರೇಸು ಬಿಟ್ಟಾಗ ಕೊಟ್ಟ ಹೆಲ್ಮೆಟ್ಟಿನ ಮುಂದೆ ಈ ಪದ್ಧತಿ ಕೈಕೊಟ್ಟಿತು. ಇಟಲಿಯ ಮಾಲು, ಕೆಂಪು ಬಣ್ಣ, ಹೊರಗೆ ಒಂದು ಗೀರೂ ಇಲ್ಲ. "ಕೊಯಮತ್ತೂರು ರೇಸಲ್ಲಿ ಒಮ್ಮೆ ಬಿದ್ದಿದ್ದೇನೆ ಅಂಕಲ್, ಕತ್ತರಿಸಿಬಿಡಿ" ಎಂದು ಹೇಳಿಯೇ ಕೊಟ್ಟಿದ್ದ. ರಾಮದಾಸರು ಗರಗಸ ಹಿಡಿದು ಕೂತರು. ಮನಸ್ಸು ಬರಲಿಲ್ಲ. ಇಂಥ ವಸ್ತು ರಾಮದಾಸರ ಹತ್ತಿರ ಮಾತ್ರ ಸಿಗುತ್ತದೆ ಎಂದು ನಾಲ್ಕು ಜನರಿಂದ ಹೇಳಿಸಿಕೊಳ್ಳುವ ಚಪಲ, ಬೇರೇನಲ್ಲ. ಫೋಟೋದ ಕೆಳಗೆ 'ಬಿದ್ದಿಲ್ಲ' ಎಂದು ಬರೆದರು.

ಅದನ್ನು ಕೊಂಡವಳು ತಿರುವನಂತಪುರದ ಶ್ರೀಕಾರ್ಯಂನ ಪಾವನಾ. ಮೈಸೂರಿನಿಂದ ಎಂದೋ ವರ್ಗವಾಗಿ ಬಂದ ವಿಜ್ಞಾನಿ ಹೃಷಿಕೇಶರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಕೇರಳದಲ್ಲೇ. ತಂದೆಯೇ ಫೋನು ಮಾಡಿದರು. "ನಮ್ಮೋರು ಅಂತ ಗೊತ್ತಾಯ್ತಲ್ಲ ಸಾರ್, ಇನ್ನೇನ್ ನೋಡೋದು? ಕಳಿಸ್ಬಿಡಿ." ಬೇರೆ ಊರಲ್ಲಿ ಕನ್ನಡ ಕಿವಿಗೆ ಬಿದ್ದರೆ ಸಾಕು, ನಮ್ಮವರು ತಿರುಗಿಸಿ ನೋಡುವುದನ್ನೇ ಬಿಟ್ಟುಬಿಡುತ್ತಾರೆ. ಆ ಪುಣ್ಯಾತ್ಮ ನಾಲ್ಕು ಪ್ರಶ್ನೆ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು!

ಹದಿನೈದು ದಿನದ ಮೇಲೆ ಪಾವನಾ ಫೋಟೋ ಕಳಿಸಿದಳು. ಕೆಂಪು ಹೆಲ್ಮೆಟ್ಟಿನೊಳಗೆ ನಗುವ ಎರಡು ಕಣ್ಣು. ತಿಂಗಳ ಕೊನೆಗೆ ಅವಳ ಮೊದಲ ರೇಸು. ರಾಮದಾಸರು ಕ್ಯಾಲೆಂಡರಿನಲ್ಲಿ ಉಳಿದ ದಿನಗಳನ್ನು ಎಣಿಸಿದರು.

ಎರಡನೇ ಶನಿವಾರ ಬ್ಯಾಂಕಿಗೆ ರಜೆ. ಅದೇ ಅಳತೆಯ ಹೊಸ ಹೆಲ್ಮೆಟ್ಟು ಕೊಂಡು ಬೆಳಗಿನ ರೈಲು ಹತ್ತಿದರು. 'ಅದು ಬಿದ್ದದ್ದು, ನಾನು ಸುಳ್ಳು ಬರೆದೆ.' ಇಷ್ಟೇ ಮಾತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದರು.

ಶ್ರೀಕಾರ್ಯಂನಲ್ಲಿ ಹೃಷಿಕೇಶರು ಎಲೆ ಹಾಕಿಸಿ, ಬಿಸಿಬೇಳೆ ಭಾತಿನ ಮೇಲೆ ತುಪ್ಪ ಸುರಿದರು. "ಈ ಕಾಲದಲ್ಲಿ ನಿಮ್ಮಂಥೋರು ಎಲ್ಲಿ ಸಿಗ್ತಾರೆ ಸಾರ್?" ಎಂದರು. ಬಾಯಿಪಾಠ ಅಲ್ಲೇ ಹೂತುಹೋಯಿತು.

"ಬಕಲಲ್ಲಿ ಒಂದು ಸಣ್ಣ ದೋಷ ಉಂಟು ಮಾರಾಯ್ರೆ," ಎಂದರು ರಾಮದಾಸರು. "ಬದಲಿಸಿ ಕೊಡುವ ಅಂತ ಬಂದೆ."

ಗೇಟಿನ ತನಕ ಬಂದ ಪಾವನಾ ಕೆಂಪು ಹೆಲ್ಮೆಟ್ಟನ್ನು ಕೈಗೆ ಕೊಡುತ್ತಾ, ತನ್ನ ತಡವರಿಸುವ ಕನ್ನಡದಲ್ಲಿ ಕೇಳಿದಳು. "ಅಂಕಲ್, ಇದು ಬಿದ್ದಿತ್ತಾ?"

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. "ಇಲ್ಲ ಮೋಳೇ," ಎಂದರು, ಮಲಯಾಳದಲ್ಲಿ ಮಗಳೇ ಎಂದು ಕರೆದು.

ಮನೆಗೆ ಬಂದವರೇ ಅದನ್ನು ಕತ್ತರಿಸಿದರು. ಹಿಂಬದಿಯ ಥರ್ಮಾಕೋಲಿನಲ್ಲಿ ಅಂಗೈಯಗಲದ ತಗ್ಗು. ಈ ಹೋಳುಗಳ ಫೋಟೋ ಮಾತ್ರ ಹಾಕಲಿಲ್ಲ. ಅಷ್ಟರಲ್ಲಿ ಹೃಷಿಕೇಶರು ಗುಂಪಿನಲ್ಲಿ ಬರೆದೂ ಆಗಿತ್ತು: ಒಂದು ಬಕಲಿಗಾಗಿ ಕೊಚ್ಚಿಯಿಂದ ಓಡಿಬಂದ ಪ್ರಾಮಾಣಿಕರು. ಅಂದಿನಿಂದ ರಾಮದಾಸರಲ್ಲಿ ಕೊಳ್ಳುವವರು ಏನನ್ನೂ ಕೇಳುವುದಿಲ್ಲ. ಅವರಿಗೋ, ಯಾರಾದರೂ ಕೇಳಲಿ ಎಂಬ ಆಸೆ.

ಮೊನ್ನೆ ಪಾವನಾ ತನ್ನ ಹಳೇ ಜಾಕೆಟ್ಟನ್ನು ಮಾರಾಟಕ್ಕಿಟ್ಟಳು. ಕೆಳಗೆ ಬರೆದಿದ್ದಳು: 'ಇದನ್ನು ಹಾಕಿಕೊಂಡು ಒಮ್ಮೆ ಬಿದ್ದಿದ್ದೇನೆ. ಎಡ ಮೊಣಕೈ, ಒಳಗಿನ ಪ್ಯಾಡ್ ಒಡೆದಿದೆ. ಯಾವುದನ್ನೂ ಮುಚ್ಚಿಡಬಾರದು ಎಂದು ರಾಮದಾಸ್ ಅಂಕಲ್ ಅವರನ್ನು ನೋಡಿ ಕಲಿತೆ.'

ರಾಮದಾಸರು ಅದನ್ನು ಎರಡು ಸಲ ಓದಿದರು. ಮತ್ತೆ, ಗುಂಪಿನ ಉಳಿದವರೆಲ್ಲ ಮಾಡಿದ ಹಾಗೆ, ಅದರ ಕೆಳಗೆ ಒಂದು ಹೆಬ್ಬೆರಳಿನ ಚಿತ್ರ ಒತ್ತಿದರು.