ನಾಲ್ಕು ಬೆರಳಿನ ಹಣೆ

ನನ್ನ ಭಾವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ. ಗಂಡನ ಅಣ್ಣ, ಮನೆಗೆ ಹಿರಿಯ ಎಂದು ಇವತ್ತಿಗೂ ಸೆರಗು ಸರಿಮಾಡಿಕೊಂಡೇ ಮಾತಾಡುತ್ತೇನೆ. ಅದು ಬೇರೆ, ಇದು ಬೇರೆ.

ಘೋಡಗೇರಿಯಲ್ಲಿ ಟಗರಿನ ತಲೆ ಬಲ್ಲವರು ಎಂದರೆ ನಮ್ಮ ಭಾವ. ಕಾಳಗದ ಟಗರು ಸಾಕುವವರು ನಾಗನೂರಿನಿಂದ, ಅಂಕಲಗಿಯಿಂದ ಮರಿ ಹೊತ್ತು ತಂದು ಇವರ ಮುಂದೆ ಇಳಿಸುತ್ತಿದ್ದರು. ಇವರು ಮರಿಯ ಹಣೆಗೆ ಬೆರಳು ಅಡ್ಡ ಇಟ್ಟು ಕಣ್ಣು ಮುಚ್ಚುವರು. ನಾಲ್ಕು ಬೆರಳು ಕೂತರೆ ಅದು ಕಣದ ಟಗರು. ಕೂರದಿದ್ದರೆ ಕಟುಕರ ಪಾಲು. ಅಷ್ಟೇ ವಿದ್ಯೆ, ಆದರೆ ಅದರ ಗತ್ತು ನೋಡಬೇಕಿತ್ತು.

ನಾನು ಮದುವೆಯಾಗಿ ಬಂದ ವರ್ಷವೇ ಮನೆಯ ಕುರಿ ಅವಳಿ ಗಂಡುಮರಿ ಹಾಕಿತು. ಹುಟ್ಟಿದಾಗ ಎರಡರ ತಲೆಯೂ ಒಂದೇ ಸಮ ಇತ್ತು, ಬಟ್ಟೆಯಿಂದ ಒರೆಸಿದವಳು ನಾನೇ. ಮೊದಲು ಎದ್ದು ನಿಂತ ಮರಿಯನ್ನು ಭಾವ ಆರಿಸಿಕೊಂಡರು. ತಾಯಿಯ ಹಾಲೆಲ್ಲ ಅದಕ್ಕೆ, ಮೇಲೆ ಎಮ್ಮೆಯ ಹಾಲು ಬೇರೆ. ಎರಡನೆಯದನ್ನು ಒಯ್ದು ಹಿತ್ತಿಲ ತಗಡಿನ ಶೆಡ್ಡಿನಲ್ಲಿ ಕಟ್ಟಿದರು. ಪಕ್ಕದಲ್ಲೇ ನಮ್ಮ ಬೆಲ್ಲದ ಗಾಣ. ಮೇಲೆ ಕಾದ ತಗಡು, ಬದಿಯಲ್ಲಿ ಒಲೆಯ ಝಳ, ಮುಖಕ್ಕೆ ಹೊಗೆ. ಉಳಿದ ಹಾಲು ಸಿಕ್ಕರೆ ಸಿಕ್ಕಿತು. ನಾನು ಕದ್ದು ಗಂಜಿ ಕುಡಿಸುತ್ತಿದ್ದೆ, ಅದು ಯಾವ ಮೂಲೆಗೆ ಸಾಲಬೇಕು?

ಬೇಸಿಗೆ ಕಳೆದ ಮೇಲೆ ಭಾವ ಎರಡಕ್ಕೂ ಬೆರಳಿಟ್ಟು ನೋಡಿದರು. ಕುಡಿದದ್ದರ ಹಣೆ ಅಗಲವಾಗಿತ್ತು, ಹಸಿದದ್ದರ ಹಣೆ ಇಕ್ಕಟ್ಟಾಗಿತ್ತು.

“ನೋಡ್ರಿ, ಇದರ ತಳಿನ ಬರೋಬ್ಬರಿ ಇಲ್ಲ,” ಎಂದರು ಕಟ್ಟೆಯ ಮೇಲಿದ್ದವರಿಗೆ.

ಅವಳಿ ಮರಿಗೆ ಬೇರೆ ತಳಿ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಮನೆ ಪಾಲಾದಾಗ ಆ ಒಣಕಲು ಮರಿಯನ್ನು ನಮ್ಮ ಕಡೆ ತಳ್ಳಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀನೂ ಒಣಗೀದಿ, ಅದೂ ಒಣಗೇತಿ. ಛಲೋ ಜೋಡಿ,” ಎಂದರು. ಊರವರು ಹಲ್ಲು ಕಿರಿದರು. ನನ್ನ ಗಂಡ ನೆಲ ನೋಡುತ್ತ ನಿಂತಿದ್ದ. ನನ್ನ ಮೈಯೆಲ್ಲ ಉರಿದು ಹೋಯಿತು.

ಅವತ್ತೇ ನಿಶ್ಚಯ ಮಾಡಿದೆ. ಮೂಡಲಗಿಯ ಕಣದಲ್ಲಿ, ಜನ ತುಂಬಿರುವಾಗ, ಈ ಮರಿ ಆ ಮರಿಯನ್ನು ಕೆಡವಬೇಕು. ಗೋವಿನಜೋಳ, ನೆನೆಸಿದ ಹುರಳಿ, ಮೊಟ್ಟೆ, ನನ್ನ ಬಾಯಿಗೆ ಹೋಗದ್ದನ್ನೂ ಅದಕ್ಕೆ ಹಾಕಿದೆ. ಟಗರು ಮೈದುಂಬಿತು. ಕುತ್ತಿಗೆ ದಪ್ಪವಾಯಿತು, ಹಗ್ಗ ಹಿಡಿದರೆ ನನ್ನನ್ನೇ ಎಳೆದೊಯ್ಯುತ್ತಿತ್ತು. ಗೋಡೆಯಾಚೆಯಿಂದ ಭಾವ ಕದ್ದು ನೋಡುವುದನ್ನು ಕಂಡರೆ ನನಗೆ ಹಬ್ಬ.

ಕಾಳಗಕ್ಕೆ ಮೊದಲು ಸೂಜಿ ಹಾಕಿಸಲು ಹುಕ್ಕೇರಿಯ ದನದ ದವಾಖಾನೆಗೆ ಹೋದೆ. ಡಾಕ್ಟರು ಸೂಜಿ ಬಿಟ್ಟು ಕೊಂಬಿನ ನಡುವೆ ಕೈಯಾಡಿಸುತ್ತ ನಿಂತರು.

“ಸಣ್ಣದಿದ್ದಾಗ ಉಪವಾಸ ಬಿದ್ದಿತ್ತೇನವಾ ಇದು?”

ಹೌದೆಂದೆ. ಶೆಡ್ಡಿನ ಕಥೆಯನ್ನೂ ಹೇಳಿದೆ. ತಲೆಬುರುಡೆ ಜೋರಾಗಿ ಬೆಳೆಯುವುದೇ ಹುಟ್ಟಿದ ಮೊದಲ ತಿಂಗಳುಗಳಲ್ಲಿ ಎಂದರು ಅವರು. ಆಗ ಹಾಲಿಲ್ಲದೆ, ಮೇಲೆ ಝಳವೂ ಸೇರಿದರೆ ಎಲುಬು ಹಿಂದೆ ಬೀಳುತ್ತದಂತೆ. ಆಮೇಲೆ ಎಷ್ಟು ಹಾಕಿದರೂ ಮೈ ಬರುತ್ತದೆ, ತಪ್ಪಿಹೋದ ಅಗಲ ಪೂರ್ತಿ ಬರುವುದಿಲ್ಲ.

“ಕಣಕ್ಕ ಬಿಡಬ್ಯಾಡ. ಬುರುಡಿ ತಾಳೂದಿಲ್ಲ, ಸಾಯತೈತಿ.”

ಅಲ್ಲೇ ಅಳು ಬಂತು. ಇಷ್ಟು ವರ್ಷ ಸಾಕಿದರೂ ಭಾವನೇ ಗೆದ್ದ ಹಾಗಾಯಿತಲ್ಲ! ಮೂಗು ಒರೆಸಿಕೊಂಡು, “ಇದರ ಮರಿಗೋಳೂ ಹಿಂಗ ಆಗತಾವೇನ್ರಿ?” ಎಂದು ಕೇಳಿದೆ.

“ಯಾಕ ಆಗತಾವ? ಇದು ತಳಿ ದೋಷ ಅಲ್ಲ. ಅವಕ್ಕ ಹೊಟ್ಟಿತುಂಬ ಹಾಲು ಬಿಡು, ನೆಳ್ಳಾಗ ಕಟ್ಟು.”

ಮನೆಗೆ ಬರುವಷ್ಟರಲ್ಲಿ ನನ್ನ ಅಳು ನಿಂತಿತ್ತು. ಟಗರನ್ನು ಕಣಕ್ಕೆ ಬಿಡಲಿಲ್ಲ, ಕುರಿಗಳ ಜೊತೆ ಬಿಟ್ಟೆ. ಹುಟ್ಟಿದ ಮರಿಗಳನ್ನು ಬೇವಿನ ನೆರಳಿನಲ್ಲಿ ಕಟ್ಟಿ, ತಾಯಿಯ ಹಾಲಿಗೆ ಕೈ ಹಚ್ಚದೆ ಬೆಳೆಸಿದೆ. ಅಷ್ಟರಲ್ಲಿ ಭಾವನ ಟಗರು ಕಣದಲ್ಲಿ ಕಣ್ಣು ಕಳೆದುಕೊಂಡು, ಸೊರಗಿ ಸತ್ತಿತು. ಅವರ ಟಗರು ಕಟ್ಟುವ ದಾವಣಿ ಖಾಲಿ ಬಿತ್ತು.

ಮೊನ್ನೆ ಭಾವ ನಾಗನೂರಿನವರನ್ನು ಕರೆದುಕೊಂಡು ತಾವೇ ನಮ್ಮ ಹಟ್ಟಿಗೆ ಬಂದರು. ಒಂದು ಮರಿಯ ಹಣೆಗೆ ಬೆರಳಿಟ್ಟರು. ನಾಲ್ಕೂ ಕೂತವು, ಇನ್ನೂ ಜಾಗ ಮಿಕ್ಕಿತ್ತು. ಮುಖ ಅರಳಿತು.

“ಯಾವ ಟಗರಿಂದವಾ ಇದು? ನನಗ ಕೊಡು. ಎಷ್ಟ ಕೇಳಿದ್ರೂ ಕೊಡತೇನಿ.”

“ಅಪ್ಪನ್ನೂ ನೋಡ್ರಿ ಭಾವಾರ,” ಎಂದು ಟಗರನ್ನು ಎಳೆತಂದು ಮುಂದೆ ನಿಲ್ಲಿಸಿದೆ. “ಬೆರಳ ಇಡ್ರಿ.”

ಅವರು ಹಿಂಜರಿದರು. ಜನ ನೋಡುತ್ತಿದ್ದರು, ಇಡಲೇಬೇಕಾಯಿತು. ಮೂರು ಬೆರಳು ಕೂತವು. ನಾಲ್ಕನೆಯದಕ್ಕೆ ಜಾಗವಿರಲಿಲ್ಲ.

“ನಾಕನೇ ಬೆರಳಿನ ಜಾಗಾ ನಿಮ್ಮ ತಗಡಿನ ಶೆಡ್ಡಿನ್ಯಾಗ ಉಳದೈತ್ರಿ,” ಎಂದೆ. “ಅದನ್ನ ತಂದು ಕೊಡ್ರಿ, ಮರಿ ಒಯ್ರಿ.”

ನಾಗನೂರಿನವನೊಬ್ಬ ಕೆಮ್ಮಿದ. ಭಾವ ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಹೋದರು.

ಕೊಟ್ಟುಬಿಡು, ಹಿರಿಯ ಅಲ್ಲವೇ ಎಂದು ಗಂಡ ದಿನಾ ಹೇಳುತ್ತಾನೆ. ಕೊಡುವುದಿಲ್ಲ. ಮಾರುವುದೂ ಇಲ್ಲ, ಕಣಕ್ಕೆ ಬಿಡುವುದೂ ಇಲ್ಲ. ಬೆಳಿಗ್ಗೆ ಭಾವ ಚಹಾ ಕುಡಿಯಲು ಕಟ್ಟೆಗೆ ಬರುವ ಹೊತ್ತಿಗೆ, ಗೋಡೆಯಾಚೆ ಅವರಿಗೆ ಚೆನ್ನಾಗಿ ಕಾಣುವ ಹಾಗೆ ಆ ಮರಿಯನ್ನು ತಂದು ಕಟ್ಟುತ್ತೇನೆ.