ಕರೆಂಟು ಬರುವ ತನಕ

ಉಜ್ವಲಾ ನಮ್ಮ ನಿಪ್ಪಾಣಿಯ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದಳು. ಸ್ಟಾಫ್‌ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಅವಳದು. ತಾಯಿ ಅಕ್ಕುತಾಯಿ ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಪುಡಿಗೆ ಜರಡಿ ಹಿಡಿದು ಮಗಳನ್ನು ಎಂಎ ಓದಿಸಿದವಳು. ಈಗ ಮಾತಿಗೊಮ್ಮೆ ಕೆಮ್ಮು. ಅಂಥ ಹೆಂಗಸರ ಮಾತುಗಳನ್ನು ಉಜ್ವಲಾ ಕ್ಯಾಮೆರಾದಲ್ಲಿ ಹಿಡಿದು ಸಣ್ಣದೊಂದು ಚಿತ್ರ ಮಾಡಿದಳು. ೨೦೧೩ರಲ್ಲಿ ಕೆನಡಾದ ಸಮ್ಮೇಳನವೊಂದಕ್ಕೆ ಕರೆ ಬಂತು. ತಂಬಾಕು ಕೊಳ್ಳುವ ಕಂಪನಿಯವರೂ ಅಲ್ಲಿಗೆ ಬರುವವರಿದ್ದರು. ಕರಾರು ಒಂದೇ: ಮಾತಿನ ಕೆಳಗೆ ಇಂಗ್ಲಿಷ್ ಸಾಲು ಇರಬೇಕು, ಇಲ್ಲದ ಭಾಗ ತೋರಿಸುವುದಿಲ್ಲ.

ಎಲ್ಲರ ಮಾತಿಗೂ ಸಾಲು ಬರೆದು ಮುಗಿಸಿದಳು, ತಾಯಿಯದೊಂದು ಬಿಟ್ಟು.

"ಆಯಿ ಕೆಮ್ಮೂದು ಕೇಳಾಕ ಆಗವಲ್ದ್ರಿ ಅಕ್ಕಾ. ವಿಮಾನದಾಗ ಕುಂತ ಮಾಡ್ತೀನಿ. ಅಲ್ಲಿಂದ ಎಲ್ಲಿ ಓಡಿ ಹೋಗ್ಲಿ?" ಅಂದಳು. ನಾನೂ ತಲೆಯಾಡಿಸಿದೆ. ಕೊಲ್ಲಾಪುರದ ಎಸ್‌ಟಿ ಬಸ್ಸಿನಾಚೆ ಏನನ್ನೂ ಹತ್ತದವಳಿಗೆ ವಿಮಾನದ ಸಂಗತಿ ಏನು ಗೊತ್ತು?

ಲ್ಯಾಪ್‌ಟಾಪ್ ಹಳೆಯದು, ವೈರು ಕಿತ್ತರೆ ಅಲ್ಲಿಗೇ ಮುಗಿಯಿತು. ವಿಮಾನ ಹತ್ತಿ ಸೀಟಿನ ಕೆಳಗೆ ಪ್ಲಗ್ಗು ಚುಚ್ಚಿದಳು, ಹಸಿರು ದೀಪ ಹತ್ತಿತು. ತಾಯಿಯ ಮುಖ ಬಂತು. ಮೊದಲ ಸಾಲು ಬರೆಯುವಷ್ಟರಲ್ಲಿ ದೀಪ ಆರಿತು, ಪರದೆ ಕಪ್ಪಾಯಿತು.

ಬೇರೆ ಊರಿನವರಾಗಿದ್ದರೆ ಯಾರನ್ನಾದರೂ ಕರೆದು ಕೇಳುತ್ತಿದ್ದರು. ನಮ್ಮವರು ಕೇಳುತ್ತಾರೆಯೇ? ಲೋಡ್‌ಶೆಡ್ಡಿಂಗಿನಲ್ಲೇ ಬೆಳೆದ ಜನ ನಾವು. ಪಂಪಿನ ಸ್ಟಾರ್ಟರನ್ನು ಆಟೋಕ್ಕೆ ಹಾಕಿ ಮನೆಗೆ ಬರುತ್ತೇವೆ, ಕರೆಂಟು ಬಂದಾಗ ತಾನೇ ನೀರೆತ್ತಲಿ ಎಂದು. ಉಜ್ವಲಾ ಕೂಡ ಪ್ಲಗ್ಗು ಕೀಳಲಿಲ್ಲ. ಅಕ್ಕಪಕ್ಕದವರಿಗೆ ಕರೆಂಟು ಇತ್ತು ನಿಜ. ನಮ್ಮೂರಲ್ಲೂ ಒಂದು ಓಣಿಗೆ ಇದ್ದರೆ ಇನ್ನೊಂದಕ್ಕೆ ಇರುವುದಿಲ್ಲವಲ್ಲ! ಊಟ ಬಂತು, ಹೋಯಿತು. ಸುತ್ತಲಿನವರು ಮಲಗಿ ಎದ್ದರು. ಅವಳು ಬುದ್ಧಂ ಶರಣಂ ಎಂದು ತ್ರಿಶರಣ ಹೇಳಿಕೊಳ್ಳುತ್ತ ಬಗ್ಗಿ ಬಗ್ಗಿ ಆ ದೀಪವನ್ನೇ ನೋಡಿದಳು.

ವಿಮಾನ ಇಳಿಯತೊಡಗಿದಾಗ ಲ್ಯಾಪ್‌ಟಾಪ್ ಎತ್ತಿಡಿ ಎನ್ನಲು ಬಂದ ಗಗನಸಖಿಯ ಮುಂದೆ ಅತ್ತೇಬಿಟ್ಟಳು. ಆಕೆ ಹೇಳಿದ್ದು ಇಷ್ಟು: ಲ್ಯಾಪ್‌ಟಾಪ್ ಎಳೆಯುವ ಕರೆಂಟು ಹೆಚ್ಚಾದರೆ ಸೀಟಿನ ಕರೆಂಟು ತಾನೇ ನಿಲ್ಲುತ್ತದಂತೆ. ಪ್ಲಗ್ಗು ಒಮ್ಮೆ ಕಿತ್ತು ಮತ್ತೆ ಹಾಕಿದ್ದರೆ ಸಾಕಿತ್ತಂತೆ. ಹಾಗೇ ಬಿಟ್ಟರೆ ಎಷ್ಟು ಕಾದರೂ ಬರುವುದಿಲ್ಲವಂತೆ. ನನಗೆ ಇದನ್ನು ಹೇಳುವಾಗ ಹಣೆ ಹಣೆ ಬಡಿದುಕೊಂಡಳು. 

ನಿಲ್ದಾಣದಿಂದ ನೇರ ಸಭಾಂಗಣ, ಚಿತ್ರ ತೋರಿಸುವ ಹೊತ್ತಾಗಿತ್ತು. ತಾಯಿಯ ಮಾತನ್ನು ನಾನೇ ಇಂಗ್ಲಿಷಿನಲ್ಲಿ ಬಾಯಿಂದ ಹೇಳುತ್ತೇನೆ ಎಂದು ಕೈಮುಗಿದಳು. ಕರಾರು ಕರಾರೇ ಎಂದರು ಸಮ್ಮೇಳನದವರು. ಅಕ್ಕುತಾಯಿಯನ್ನು ಬಿಟ್ಟು ಚಿತ್ರ ಓಡಿತು.

ಅವಳು ಮರಳಿದ ದಿನ ದಾರಿಯಲ್ಲಿ ಇದನ್ನೆಲ್ಲ ಕೇಳುತ್ತ ನಾನೂ ಅವಳ ಜೊತೆ ಅವಳ ಮನೆಗೆ ಹೋಗಿದ್ದೆ. ಅಕ್ಕುತಾಯಿ ಇಸ್ತ್ರಿ ಮಾಡಿದ ಸೀರೆಯುಟ್ಟು ಹೊಸ್ತಿಲಲ್ಲೇ ಕೂತಿದ್ದಳು.

"ನಾ ಹೇಳಿದ್ದು ಕೇಳಿದ್ರೇನ ಮಗಳ, ಕಂಪನಿಯವ್ರು?"

ಉಜ್ವಲಾ ನನ್ನ ಮುಖ ನೋಡಿದಳು. "ಕೇಳಿದ್ರ ಆಯಿ. ಎಲ್ಲಾರೂ ಕೇಳಿದ್ರು."

ಮುದುಕಿ ಕೆಮ್ಮುತ್ತಲೇ ನಕ್ಕಳು. "ಹಂಗಾರ ವಖಾರಿ ಕಿಡಕಿ ಇನ್ನ ತಗೀತಾರ! ಪುಡಿ ಹಾರತೈತಂತ ಎಲ್ಲಾ ಮುಚ್ಚಿ ಕುಂದರಸ್ತಾರ ನಮ್ಮನ್ನ. ಬಾಜೂ ಮನಿ ಸುಂದರಾ ಬಸರಿ ಅದಾಳ, ಕೆಲಸ ಬಿಡ್ತೀನಿ ಅನ್ನಾಕತ್ತಿದ್ಲು. ಬಿಡಬ್ಯಾಡವಾ ಅಂತ ಹೇಳಿ ಬರ್ತೀನಿ."

ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ತಡೆಯಲೆಂದು ಎದ್ದ ಉಜ್ವಲಾ ಹೊಸ್ತಿಲ ತನಕ ಹೋಗಿ, ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ನಿಂತಳು.