ತಗಡಿನ ಕೆಳಗಿನ ಗಾಳಿ

ಹಮ್ಮಿಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಸೇರಿ ನನಗದು ಎರಡನೆಯ ವರ್ಷ. ಗದಗದಿಂದ ಒಂದು ಬಸ್ಸು, ಮುಂಡರಗಿಯಿಂದ ಇನ್ನೊಂದು. ಅರೆನಿದ್ದೆಯಲ್ಲಿರುವಾಗ ಹೊಳೆಯ ಬೆಳಕು ಕಣ್ಣಿಗೆ ಬಿದ್ದರೆ ಊರು ಬಂತೆಂದು ತಿಳಿಯುತ್ತಿತ್ತು. ಆಷಾಢದ ಗಾಳಿಗೆ ತರಗತಿಯ ಪುಸ್ತಕಗಳು ತಮ್ಮನ್ನು ತಾವೇ ಓದಿಕೊಳ್ಳುವಂತೆ ಹಾಳೆ ಮಗುಚುತ್ತಿದ್ದವು.

ಅಂಥ ಒಂದು ಮಧ್ಯಾಹ್ನ ಕಿಟಕಿ ಮುಚ್ಚಿಸಿ, ಎರಡು ಬಲೂನುಗಳನ್ನು ದಾರದಲ್ಲಿ ಇಳಿಬಿಟ್ಟೆ. ನಡುವೆ ಊದಿದರೆ ಏನಾಗುತ್ತದೆ ಎಂದು ಕೇಳಿದೆ.

"ದೂರ ಹೋಗ್ತಾವ್ರಿ ಅಕ್ಕೋರ."

ಊದಿದೆ. ಅವು ಮೆಲ್ಲಗೆ ಬಂದು ಕೆನ್ನೆಗೆ ಕೆನ್ನೆ ತಾಗಿಸಿದವು. ನಡುವೆ ಓಡುವ ಗಾಳಿಯ ಒತ್ತಡ ಕಡಿಮೆ, ಆಚೀಚೆಯ ಗಾಳಿ ಅವನ್ನು ಒಳಕ್ಕೆ ನೂಕಿತು ಎಂದೆ. ಆಮೇಲೆ ಚಾಕ್‌ಪೀಸಿನ ಡಬ್ಬಿಗೆ ಬಾಗಿಲು ಕತ್ತರಿಸಿ, ಮೇಲೆ ಕಾಗದದ ಮಾಡು ಹೊದಿಸಿದೆ. ಮೇಲಿಂದ ಗಾಳಿ ಓಡಿದರೆ ಮಾಡು ಏಳುತ್ತದೆ, ಬಾಗಿಲು ತೆರೆದಿದ್ದರೆ ಒಳಹೊಕ್ಕ ಗಾಳಿಯೂ ಎತ್ತುತ್ತದೆ ಎಂದು ಊದಿದೆ. ಕಾಗದ ತೇಲುತ್ತಾ ಮೂರನೆಯ ಬೆಂಚಿಗೆ ಹೋಗಿ ಇಳಿಯಿತು. ಎಲ್ಲರೂ ನಕ್ಕರು. ಆ ಬೆಂಚಿನ ಹುಡುಗಿ ನಗಲಿಲ್ಲ.

"ನಮ್ಮ ಮನಿ ತಗಡೂ ಹಿಂಗ ಹೋತ್ರಿ. ತೊಲಿ ಬಿದ್ದು ಆಯಿ ಕೈ ಮುರೀತು." ಬೆಂಚಿನ ಮೇಲಿನ ಕಾಗದ ಎತ್ತಿಕೊಂಡು ಹೇಳಿದಳು, "ಅವತ್ತ ಬಾಗಲಾ ತಗದಾಕಿ ನಾನರಿ. ಗಾಳಿ ನೋಡಾಕ."

ಬಾಗಿಲ ಬಗ್ಗೆ ನಾನೇ ಆಡಿದ ಮಾತನ್ನು ನುಂಗುವಂತಿರಲಿಲ್ಲ. ಡಬ್ಬಿಯ ಬಾಗಿಲಿಗೆ ಕಾಗದ ಅಂಟಿಸಿ ಅವಳನ್ನು ಕರೆದೆ. "ಈಗ ನೀನ ಊದು."

ಮಾಡು ನಡುಗಿತು, ಏಳಲಿಲ್ಲ.

"ಇನ್ನೂ ಜೋರ."

ಅವಳು ಕಣ್ಣು ಮುಚ್ಚಿ ಎದೆ ತುಂಬ ಉಸಿರೆಳೆದು ಊದಿದಳು. ಕಾಗದ ಎದ್ದು ಹೋಯಿತು.

"ಬಾಗಲಾ ಮುಚ್ಚಿದ್ರೂ ಹೋಗ್ತೈತಲ್ರಿ."

"ಹೋಗ್ತೈತಿ. ತಗದಿದ್ರ ಜಲ್ದಿ ಹೋಗ್ತೈತಿ, ಅದು ಸುಳ್ಳಲ್ಲ. ತಗಡಿಗೆ ಏನು ಹಾಕಿದ್ರಿ?"

"ಕಲ್ಲು ಹೇರಿದ್ವಿರಿ."

"ಕಲ್ಲು ಸಾಲೂದಿಲ್ಲ. ಬೋಲ್ಟ್ ಹಾಕಿ ಕೆಳಗ ತೊಲಿಗೆ ಹಿಡದು ಬಿಗೀಬೇಕು."

ಡಬ್ಬಿಯನ್ನು ಕೇಳಿ ಮನೆಗೊಯ್ದಳು. ಎರಡು ದಿನ ಬಿಟ್ಟು ಅವಳ ಅಪ್ಪ ಶಾಲೆಗೆ ಬಂದ.

"ಕಲ್ಲು ಬ್ಯಾಡ, ಬೋಲ್ಟ್ ಹಾಕಸು ಅಂತಾಳ್ರಿ ಮಗಳು. ಖರೇನ್ರಿ?"

"ಖರೇರಿ."

"ತಗಡು ಹೋದಾಗಿಂದ ಮಾತ ಆಡಿದ್ದಿಲ್ರಿ ಆಕಿ. ಈಗ ಓಣಿ ಮಂದಿಗೆಲ್ಲಾ ಪಾಠಾ ಹೇಳಾಕತ್ತಾಳ." ಅವನು ಎಲ್ಲೋ ನೋಡುತ್ತಾ ನಕ್ಕ.

ಮಾಡು ಬಿಗಿದ ಮೇಲೆ ಒಂದು ಶನಿವಾರ ಅವರ ಮನೆಗೆ ಹೋದೆ. ಅವಳು ಆಯಿ ಎನ್ನುತ್ತಿದ್ದ ಅಜ್ಜಿಯ ಕೈ ಕೂಡಿಕೊಂಡಿತ್ತು, ತುಸು ಸೊಟ್ಟಗೆ. ಮಜ್ಜಿಗೆ ಕೊಟ್ಟರು. ಗಾಳಿ ಹೊಳೆಯ ಕಡೆಯಿಂದ ಎದ್ದು ಬಂದು ತಗಡು ಖಾಲಿ ಕೊಡದಂತೆ ಗುಂಯ್ಯೆಂದಿತು. ಹುಡುಗಿ ಒಮ್ಮೆ ಮೇಲೆ ನೋಡಿ, ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಹಾಗೇ ನಿದ್ದೆ ಹೋದಳು.

"ಈಕಿಗೆ ನಾ ಏನೂ ಅಂದಿದ್ದಿಲ್ಲವ್ವ," ಅಜ್ಜಿ ಅವಳ ಕೂದಲು ಸರಿಸುತ್ತಾ ಅಂದರು. "ನಾಕು ಮಾತು ಬೈದಿದ್ರ ಛಲೋ ಇತ್ತೇನೋ. ಸುಮ್ಮನಿದ್ದಿದ್ದಕ್ಕ ಎಲ್ಲಾ ಒಳಗ ಇಟ್ಕೊಂಡ್ಲು."

ಬಸ್ಸಿನ ಹೊತ್ತು ಮೀರುತ್ತಿತ್ತು. ಅವಳ ಉಸಿರು ಏರಿಳಿಯುವುದನ್ನು ನೋಡುತ್ತಾ ಇನ್ನಷ್ಟು ಹೊತ್ತು ಕೂತೆ.